ಸೋಸುವ ಅಂಗಗಳಿಗೆ ಸೇರುವ ವಿಷ

ಮಲೆನಾಡಿನ ಕೊಟ್ಟಿಗೆಯಲ್ಲಿ ದನವೊಂದು ಕೆಂಪು ಮೂತ್ರ ಹೊಯ್ದರೆ ಮನೆಮಂದಿಯೆಲ್ಲ ಎಚ್ಚೆತ್ತುಕೊಳ್ಳುತ್ತಾರೆ. ಉಣುಗು ಕಚ್ಚಿ ಬಂದ ಜ್ವರವೋ, ಮೇವಿನಲ್ಲಿ ಏನಾದರೂ ಸೇರಿತೋ ಎಂದು ವಿಚಾರಿಸಿ ಅಂದೇ ಪಶುವೈದ್ಯರಿಗೆ ಹೇಳಿಕಳಿಸುತ್ತಾರೆ. ಅದೇ ಮನೆಯ ಯಜಮಾನನಿಗೆ ಒಂದು ಬೆಳಿಗ್ಗೆ ಮೂತ್ರ ಕೆಂಪಗೆ ಹೋದರೆ ನಡೆಯುವುದೇ ಬೇರೆ. ‘ಉಷ್ಣವಾಗಿದೆ’ ಎಂಬ ತೀರ್ಮಾನ ಕ್ಷಣಮಾತ್ರದಲ್ಲಿ ಹೊರಬೀಳುತ್ತದೆ. ಎಳನೀರು, ಲಾವಂಚದ ನೀರು, ಬಾರ್ಲಿ ಗಂಜಿ, ಮಜ್ಜಿಗೆಗಳ ಉಪಚಾರ ನಡೆಯುತ್ತದೆ. ಎರಡು ದಿನಗಳಲ್ಲಿ ಕೆಂಪು ತಾನಾಗಿ ನಿಲ್ಲುತ್ತದೆ. ನಿಂತದ್ದು ಎಳನೀರಿನಿಂದಲೇ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಮತ್ತೊಮ್ಮೆ ನೆತ್ತರು ಕಾಣಿಸುವ ವೇಳೆಗೆ ತಿಂಗಳುಗಳು, ಕೆಲವೊಮ್ಮೆ ವರ್ಷವೇ ಕಳೆದಿರುತ್ತದೆ. ದನಕ್ಕೆ ದೊರೆತ ಎಚ್ಚರ ಮನುಷ್ಯನಿಗೆ ದೊರೆಯದೆ ಹೋಗುತ್ತದೆ.

ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುವುದು ಮೂತ್ರಕೋಶದ ಕ್ಯಾನ್ಸರಿನ ಅತಿ ಸಾಮಾನ್ಯ ಮೊದಲ ಸೂಚನೆ. ಮೂತ್ರಪಿಂಡದ ಕ್ಯಾನ್ಸರಿನಲ್ಲೂ ಇದು ಕಾಣಿಸುವುದುಂಟು. ಜಗತ್ತಿನಾದ್ಯಂತ 2022ರ ಒಂದೇ ವರ್ಷದಲ್ಲಿ ಸುಮಾರು 6.1 ಲಕ್ಷ ಜನರಲ್ಲಿ ಮೂತ್ರಕೋಶದ ಕ್ಯಾನ್ಸರ್, ಸುಮಾರು 4.3 ಲಕ್ಷ ಜನರಲ್ಲಿ ಮೂತ್ರಪಿಂಡದ ಕ್ಯಾನ್ಸರ್ ಹೊಸದಾಗಿ ಕಂಡುಬಂದವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು ಹೇಳುತ್ತದೆ. ಪರಿಸರದ ಪತ್ರಿಕೆಯೊಂದು ಈ ರೋಗಗಳ ವಿಚಾರವನ್ನು ಕೈಗೆತ್ತಿಕೊಳ್ಳಲು ಕಾರಣವಿದೆ. ಉಸಿರಿನಲ್ಲಿ, ನೀರಿನಲ್ಲಿ, ಅನ್ನದಲ್ಲಿ, ಔಷಧಿಯಲ್ಲಿ ಒಳಸೇರಿದ ಅನೇಕ ವಿಷಗಳು ಹೊರಹೋಗುವ ದಾರಿ ಇದೇ ಆಗಿದೆ. ಹೊಲ, ಬಾವಿ, ಕಾರ್ಖಾನೆಗಳ ಲೆಕ್ಕಪತ್ರ ಕೊನೆಗೆ ಬರೆಯಲ್ಪಡುವುದು ಈ ಅಂಗಗಳಲ್ಲಿ.

ಮೊದಲು ಅಂಗಗಳ ಕೆಲಸವನ್ನು ತಿಳಿಯಬೇಕು. ಬೆನ್ನಿನ ಎರಡು ಪಕ್ಕಗಳಲ್ಲಿ, ಪಕ್ಕೆಲುಬುಗಳ ಆಸರೆಯಲ್ಲಿ, ಮುಷ್ಟಿಗಾತ್ರದ ಎರಡು ಮೂತ್ರಪಿಂಡಗಳಿವೆ. ಹೃದಯ ಹೊರಹಾಕುವ ರಕ್ತದ ಸುಮಾರು ಐದನೆಯ ಒಂದು ಭಾಗ ಸದಾ ಇವುಗಳತ್ತ ಹರಿಯುತ್ತದೆ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಇವು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ಮರಳಿ ರಕ್ತಕ್ಕೆ ಸೇರಿಸಿ, ಒಂದೆರಡು ಲೀಟರನ್ನು ಮಾತ್ರ ಮೂತ್ರವಾಗಿ ಬಿಡುತ್ತವೆ. ಆ ಮೂತ್ರ ಎರಡು ಸಣ್ಣ ನಾಳಗಳ ಮೂಲಕ ಇಳಿದು ಮೂತ್ರಕೋಶದಲ್ಲಿ ಗಂಟೆಗಟ್ಟಲೆ ತಂಗುತ್ತದೆ. ನೂರಾರು ಲೀಟರುಗಳಲ್ಲಿ ತೆಳುವಾಗಿದ್ದ ವಿಷ ಒಂದೆರಡು ಲೀಟರಿಗೆ ಸಾಂದ್ರಗೊಂಡು, ಒಂದೇ ಚೀಲದ ಒಳಗೋಡೆಗೆ ತಾಗಿ ನಿಲ್ಲುತ್ತದೆಂದರೆ ಆ ಗೋಡೆಯ ಜೀವಕೋಶಗಳ ಪಾಡನ್ನು ಊಹಿಸಬಹುದು.

ಈ ಕ್ಯಾನ್ಸರುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳನ್ನು ಗುರುತಿಸಬೇಕು. ಮೂತ್ರಪಿಂಡದ ಸೋಸುವ ಅಂಗಾಂಶದ ಸೂಕ್ಷ್ಮ ನಾಳಗಳಲ್ಲಿ ಹುಟ್ಟುವುದು ಒಂದು. ವಯಸ್ಕರ ಮೂತ್ರಪಿಂಡದ ಕ್ಯಾನ್ಸರುಗಳಲ್ಲಿ ಬಹುಪಾಲು ಇದೇ. ಧೂಮಪಾನ, ಅತಿತೂಕ, ಅಧಿಕ ರಕ್ತದೊತ್ತಡಗಳು ಇದಕ್ಕೆ ದಾರಿ ಮಾಡಿಕೊಡುತ್ತವೆ. ಲೋಹದ ಭಾಗಗಳ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕವೂ ಇದನ್ನು ಉಂಟುಮಾಡಬಲ್ಲದು. ಎರಡನೆಯದು, ಮೂತ್ರಪಿಂಡದ ಒಳಬಟ್ಟಲಿನಿಂದ ಮೂತ್ರನಾಳ, ಮೂತ್ರಕೋಶದವರೆಗೆ ಒಂದೇ ಸಮನೆ ಹಾಸಿರುವ ಒಳಪದರದಲ್ಲಿ ಹುಟ್ಟುವಂಥದ್ದು. ಮೂತ್ರದೊಡನೆ ನೇರವಾಗಿ ಸಂಪರ್ಕವಿರುವ ಪದರ ಇದಾದುದರಿಂದ ಹೊರಗಿನ ವಿಷಗಳ ಕೈವಾಡ ಇಲ್ಲಿ ಹೆಚ್ಚು.

ಈ ಕೈವಾಡವನ್ನು ಮೊದಲು ಕಂಡವರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೆನ್ ಒಬ್ಬ. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗಡ್ಡೆಗಳು ಕಾಣಿಸಿಕೊಳ್ಳುತ್ತಿರುವುದನ್ನು ಆತ 1895ರಲ್ಲಿ ವರದಿ ಮಾಡಿದ. ಬಣ್ಣ ತಯಾರಿಕೆಯ 2-ನ್ಯಾಫ್ತೈಲಮೀನ್ ಎಂಬ ರಾಸಾಯನಿಕ ನಾಯಿಗಳಲ್ಲಿ ಅಂಥದೇ ಗಡ್ಡೆಗಳನ್ನು ಉಂಟುಮಾಡುತ್ತದೆಂದು ವಿಲ್ಹೆಲ್ಮ್ ಹ್ಯೂಪರ್ 1938ರಲ್ಲಿ ತೋರಿಸಿದ. ವರದಿಗೂ ಪ್ರಮಾಣಕ್ಕೂ ನಡುವೆ ನಾಲ್ಕು ದಶಕಗಳು ಕಳೆದಿದ್ದವು. ಆ ರಾಸಾಯನಿಕದ ತಯಾರಿಕೆ ನಿಲ್ಲಲು ಇನ್ನೂ ಕಾಲ ಬೇಕಾಯಿತು. ಅಷ್ಟರಲ್ಲಿ ಅದರ ಹೊಗೆ, ಧೂಳುಗಳಲ್ಲಿ ದುಡಿದವರ ತಲೆಮಾರುಗಳೇ ಉರುಳಿದವು. ಅದೇ ಬಗೆಯ ರಾಸಾಯನಿಕಗಳು ತಂಬಾಕಿನ ಹೊಗೆಯಲ್ಲೂ ಇವೆ. ಸೇದುವವರಿಗೆ ಮೂತ್ರಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಸೇದದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಬೀಡಿ ಸೇದಿದರೆ ಕೆಡುವುದು ಶ್ವಾಸಕೋಶ ಮಾತ್ರ ಎಂದು ತಿಳಿದವರು ಇನ್ನೂ ಅನೇಕರಿದ್ದಾರೆ. ಹೊಗೆಯ ವಿಷ ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮೂತ್ರಕ್ಕೆ ಇಳಿಯುತ್ತದೆಂಬುದನ್ನು ಶಾಲೆಯ ಮಕ್ಕಳಿಗೂ ತಿಳಿಸಬೇಕು.

ಇದು ಪಟ್ಟಣದ ಕಾರ್ಖಾನೆಗಳ ಕತೆಯೆಂದು ಹಳ್ಳಿಯವರು ನಿಶ್ಚಿಂತರಾಗುವಂತಿಲ್ಲ. ಡ್ಯಾನ್ಯೂಬ್ ನದಿಯ ಉಪನದಿಗಳ ದಡದಲ್ಲಿ, ಬಲ್ಗೇರಿಯ, ರುಮೇನಿಯ, ಸರ್ಬಿಯ, ಬೋಸ್ನಿಯ, ಕ್ರೊಯೇಷಿಯಗಳ ಕೆಲವು ರೈತ ಹಳ್ಳಿಗಳಲ್ಲಿ ವಿಚಿತ್ರ ರೋಗವೊಂದನ್ನು ವೈದ್ಯರು 1950ರ ದಶಕದಲ್ಲಿ ಗುರುತಿಸಿದರು. ಮಧ್ಯವಯಸ್ಸು ದಾಟಿದವರ ಮೂತ್ರಪಿಂಡಗಳು ಸದ್ದಿಲ್ಲದೆ ಕುಗ್ಗಿ ಒಣಗುತ್ತಿದ್ದವು. ಅವರಲ್ಲಿ ಅನೇಕರಿಗೆ ಮೂತ್ರಪಿಂಡದ ಬಟ್ಟಲಿನಲ್ಲಿ, ಮೂತ್ರನಾಳದಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುತ್ತಿತ್ತು. ಒಂದು ಹಳ್ಳಿಗೆ ರೋಗ ತಗುಲಿದ್ದರೆ ಪಕ್ಕದ ಹಳ್ಳಿ ಆರೋಗ್ಯವಾಗಿತ್ತು. ಒಂದೇ ಹಳ್ಳಿಯಲ್ಲಿ ಕೆಲವು ಮನೆಗಳಿಗೆ ಮಾತ್ರ ಅದು ಕಾಟ ಕೊಡುತ್ತಿತ್ತು. ಶಾಪವೆಂದವರಿದ್ದರು, ವಂಶದ ದೋಷವೆಂದವರಿದ್ದರು. ವಿಜ್ಞಾನಿಗಳು ಬಾವಿಯ ನೀರನ್ನು, ಭಾರಲೋಹಗಳನ್ನು, ವೈರಸ್ಸನ್ನು, ಕಾಳಿಗೆ ಹಿಡಿಯುವ ಬೂಷ್ಟನ್ನು ಒಂದೊಂದಾಗಿ ಸಂಶಯಿಸಿದರು.

ಉತ್ತರ ಗೋಧಿಯ ಹೊಲದಲ್ಲೇ ಇತ್ತು. ಅರಿಸ್ಟೊಲೋಕಿಯ ಎಂಬ ಜಾತಿಯ ಕಳೆ ಅಲ್ಲಿ ಗೋಧಿಯ ನಡುವೆ ಬೆಳೆಯುತ್ತಿತ್ತು. ಕೊಯ್ಲಿನಲ್ಲಿ ಅದರ ಬೀಜಗಳು ಗೋಧಿಯೊಡನೆ ಸೇರಿ, ಹಿಟ್ಟಾಗಿ, ಮನೆಯ ರೊಟ್ಟಿಯಾಗುತ್ತಿದ್ದವು. ಈ ಸಂಶಯವನ್ನು 1969ರಷ್ಟು ಹಿಂದೆಯೇ ಒಬ್ಬ ವಿಜ್ಞಾನಿ ಮುಂದಿಟ್ಟಿದ್ದರೂ ಅದಕ್ಕೆ ಬೇಕಾದ ಗಮನ ದೊರೆಯಲಿಲ್ಲ. ಗಮನ ಸೆಳೆದದ್ದು ಬೆಲ್ಜಿಯಂ ದೇಶದ ದುರಂತ. ಬ್ರಸೆಲ್ಸ್ ನಗರದಲ್ಲಿ ತೂಕ ಇಳಿಸುವ ಚಿಕಿತ್ಸೆಗೆಂದು ಚೀನೀ ಮೂಲಿಕೆಯ ಪುಡಿ ಸೇವಿಸಿದ ಹೆಂಗಸರ ಮೂತ್ರಪಿಂಡಗಳು 1990ರ ದಶಕದ ಆರಂಭದಲ್ಲಿ ಒಬ್ಬೊಬ್ಬರದಾಗಿ ನಿಂತುಹೋದವು. ಚೀನೀ ಭಾಷೆಯಲ್ಲಿ ಹೆಸರುಗಳು ಒಂದನ್ನೊಂದು ಹೋಲುವುದರಿಂದ ಬೇರೊಂದು ಮೂಲಿಕೆಯ ಜಾಗದಲ್ಲಿ ಅರಿಸ್ಟೊಲೋಕಿಯದ ಬೇರು ಬಂದು ಸೇರಿತ್ತು. ನಿಂತುಹೋದ ಮೂತ್ರಪಿಂಡಗಳನ್ನು ಮುನ್ನೆಚ್ಚರಿಕೆಗಾಗಿ ತೆಗೆಸಿಕೊಂಡ 39 ರೋಗಿಗಳಲ್ಲಿ 18 ಮಂದಿಗೆ ಆಗಲೇ ಕ್ಯಾನ್ಸರ್ ಆಗಿತ್ತೆಂಬ ವರದಿ 2000ದಲ್ಲಿ ಪ್ರಕಟವಾಯಿತು.

ಈ ಗಿಡದ ಅರಿಸ್ಟೊಲೋಕಿಕ್ ಆಮ್ಲ ಜೀವಕೋಶದ ಡಿಎನ್ಎಗೆ ಅಂಟಿಕೊಂಡು ಅದರ ಅಕ್ಷರಗಳನ್ನು ತನ್ನದೇ ಆದ ರೀತಿಯಲ್ಲಿ ಬದಲಿಸುತ್ತದೆ. ಆ ಗುರುತು ಬೆರಳಚ್ಚಿನಂತೆ ದಶಕಗಳ ನಂತರವೂ ಗಡ್ಡೆಯಲ್ಲಿ ಉಳಿದಿರುತ್ತದೆ. ಬಾಲ್ಕನ್ ಹಳ್ಳಿಗಳ ರೋಗಿಗಳಲ್ಲಿ ಅದೇ ಗುರುತನ್ನು 2007ರಲ್ಲಿ ಕಂಡುಕೊಂಡಾಗ ಐವತ್ತು ವರ್ಷಗಳ ಒಗಟು ಬಿಡಿಸಿಕೊಂಡಿತು. ಹನ್ನೊಂದು ದೇಶಗಳ 962 ಮೂತ್ರಪಿಂಡದ ಗಡ್ಡೆಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರುಮೇನಿಯ, ಸರ್ಬಿಯಗಳ ರೋಗಿಗಳಲ್ಲಿ ಈ ಬೆರಳಚ್ಚು ಮತ್ತೆ ಎದ್ದು ಕಂಡಿತು. ಬಾಲ್ಕನ್ ಹಳ್ಳಿಗರನ್ನು ಕೊಂದದ್ದು ಶಾಪವೂ ಅಲ್ಲ, ಕಾರ್ಖಾನೆಯೂ ಅಲ್ಲ. ಕಳೆ ಕೀಳದ, ಕಾಳು ಹಸನುಮಾಡದ ಹೊಲ ಅದು. ಬಿತ್ತುವ ಮುನ್ನ ಬೀಜವನ್ನು ಜರಡಿ ಹಿಡಿಯುವ, ಬೀಸುವ ಮುನ್ನ ಕಾಳನ್ನು ಮೊರದಲ್ಲಿ ಕೇರುವ ಹಿರಿಯರ ಕ್ರಮಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಾಗಿಲ್ಲ.

ಇಷ್ಟು ದೂರದ ಕತೆಗೂ ಸಹ್ಯಾದ್ರಿಗೂ ನೇರವಾದ ಸಂಬಂಧವಿದೆ. ಮಲೆನಾಡಿನ ಬೇಲಿಗಳಲ್ಲಿ, ಕಾಡಿನ ಅಂಚಿನಲ್ಲಿ ಹಬ್ಬುವ ಈಶ್ವರಬಳ್ಳಿ ಅರಿಸ್ಟೊಲೋಕಿಯ ಕುಲಕ್ಕೇ ಸೇರಿದ್ದು. ಆ ಆಮ್ಲ ಇದರಲ್ಲೂ ಇದೆ. ಹಾವಿನ ಕಡಿತಕ್ಕೆ, ಜ್ವರಕ್ಕೆ, ಹೊಟ್ಟೆಯ ತೊಂದರೆಗೆ ಇದರ ಬೇರನ್ನು ಅರೆದು ಕೊಡುವ ರೂಢಿ ಹಿಂದಿನಿಂದ ಬಂದಿದೆ. ಹಾವು ಕಚ್ಚಿದಾಗ ಜೀವ ಉಳಿಸುವುದು ಆಸ್ಪತ್ರೆಯ ಪ್ರತಿವಿಷದ ಚುಚ್ಚುಮದ್ದು. ಬೇರು ಅರೆಯುತ್ತ ಕಳೆದ ಹೊತ್ತು ಮರಳಿ ಬರುವುದಿಲ್ಲ. ಉಳಿದ ಕಾಯಿಲೆಗಳಿಗೆ ಇದನ್ನು ಕುಡಿದವರಿಗೆ ಅಂದು ಏನೂ ಆಗದಿರಬಹುದು. ಆದರೆ ಈ ವಿಷ ಅಂದಂದೇ ಕೊಲ್ಲುವ ಜಾತಿಯದಲ್ಲ. ಇಪ್ಪತ್ತು ಮೂವತ್ತು ವರ್ಷ ಕಾದು ಕುಳಿತಿರುವಂಥದ್ದು. ‘ಅಜ್ಜ ಕುಡಿದಿದ್ದ, ಏನೂ ಆಗಲಿಲ್ಲ’ ಎಂಬ ಮಾತು ಇಲ್ಲಿ ಸಾಕ್ಷಿಯಾಗದು. ಅರಿಸ್ಟೊಲೋಕಿಯ ಸೇರಿದ ಮೂಲಿಕೆ ಔಷಧಿಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಅಂತಾರಾಷ್ಟ್ರೀಯ ಸಂಸ್ಥೆ 2002ರಲ್ಲೇ ಸೇರಿಸಿದೆ.

ಹಾಗೆಂದು ಕತ್ತಿ ಹಿಡಿದು ಈಶ್ವರಬಳ್ಳಿಯನ್ನು ಕಡಿಯಲು ಹೊರಡುವುದು ಇನ್ನೊಂದು ಅವಿವೇಕವಾದೀತು. ಕರ್ನಾಟಕದ ರಾಜ್ಯ ಚಿಟ್ಟೆಯಾದ, ಕಪ್ಪು-ಹಳದಿ ರೆಕ್ಕೆಗಳ ದೊಡ್ಡ ಸಹ್ಯಾದ್ರಿ ಚಿಟ್ಟೆಯ ಮರಿಹುಳುಗಳು ಈ ಬಳ್ಳಿಯನ್ನೂ ಇದರ ಹತ್ತಿರದ ಸಂಬಂಧಿ ಸಸ್ಯಗಳನ್ನೂ ತಿಂದೇ ಬದುಕಬೇಕು. ಎಲೆಯ ವಿಷವನ್ನು ಮೈಯಲ್ಲಿ ಇಟ್ಟುಕೊಂಡೇ ಅವು ಹಕ್ಕಿಗಳ ಬಾಯಿಂದ ಪಾರಾಗುತ್ತವೆ. ಬೇಲಿಯಲ್ಲಿ ಬಳ್ಳಿಯಿರಲಿ, ಕಷಾಯದ ಪಾತ್ರೆಯಲ್ಲಿ ಬೇಡ. ಸಸ್ಯ ತನ್ನ ಜಾಗದಲ್ಲಿದ್ದರೆ ಚಿಟ್ಟೆಗೆ ಅನ್ನ, ಮನುಷ್ಯನ ಹೊಟ್ಟೆ ಸೇರಿದರೆ ವಿಷ ಎಂಬ ವಿವೇಕವೇ ಪರಿಸರಜ್ಞಾನ.

ಕೊಟ್ಟಿಗೆಯ ಪಾಠವೂ ಇದನ್ನೇ ಹೇಳುತ್ತದೆ. ನೀಲಗಿರಿ, ಹಿಮಾಲಯದಂಥ ಗುಡ್ಡಗಾಡುಗಳಲ್ಲಿ ದನಗಳಿಗೆ ವರ್ಷಗಟ್ಟಲೆ ಕೆಂಪು ಮೂತ್ರ ಹೋಗುವ ರೋಗವೊಂದಿದೆ. ಉಣುಗಿನ ಜ್ವರಕ್ಕಿಂತ ಇದು ಬೇರೆ. ಇಲ್ಲಿ ಮೂತ್ರಕೋಶದಲ್ಲೇ ಗಡ್ಡೆಗಳಿರುತ್ತವೆ. ಬ್ರಾಕನ್ ಎಂಬ ಜರಿಗಿಡವನ್ನು ಮೇಯುವುದು ಇದರ ಮೂಲ. ಅದರಲ್ಲಿನ ಟಕ್ವಿಲೊಸೈಡ್ ಎಂಬ ವಿಷವನ್ನು 1983ರಲ್ಲಿ ಬೇರ್ಪಡಿಸಲಾಯಿತು. ಕಾಡು ಕಡಿದು, ಸುಟ್ಟು, ಬರಿದಾದ ಇಳಿಜಾರುಗಳಲ್ಲಿ ಬೇರೆ ಹುಲ್ಲಿಗೆ ಎಡೆಗೊಡದೆ ಹಬ್ಬುವ ಸಸ್ಯವಿದು. ಹಸಿರು ಮೇವು ಇರುವಲ್ಲಿ ದನ ಇದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮೇವು ತೀರಿದಾಗ ಹಸಿವಿಗೆ ಬಾಯಿ ಹಾಕುತ್ತದೆ. ಹುಲ್ಲುಗಾವಲು ಕೆಟ್ಟರೆ ರೋಗ ಎಲ್ಲಿಗೆ ಬಂದು ಮುಟ್ಟುತ್ತದೆಂಬುದಕ್ಕೆ ಇದು ನಿದರ್ಶನ.

ನೀರಿನ ಮಾತನ್ನು ಬಿಡುವಂತಿಲ್ಲ. ಚಿಲಿ ದೇಶದ ಅಂತೊಫಗಾಸ್ತ ನಗರಕ್ಕೆ 1958ರಲ್ಲಿ ಹೊಸ ನದಿಯ ನೀರು ಬಂತು. ಅದರಲ್ಲಿ ಲೀಟರಿಗೆ ಸುಮಾರು 860 ಮೈಕ್ರೋಗ್ರಾಂ ಆರ್ಸೆನಿಕ್ ಇತ್ತು. ಇಂದಿನ ಮಿತಿ 10 ಮೈಕ್ರೋಗ್ರಾಂ. ಹನ್ನೆರಡು ಹದಿಮೂರು ವರ್ಷಗಳ ಬಳಿಕ ಶುದ್ಧೀಕರಣ ಘಟಕ ಸ್ಥಾಪನೆಯಾಗಿ ಆರ್ಸೆನಿಕ್ ಇಳಿಯಿತು. ಆದರೂ ಮೂತ್ರಕೋಶದ ಕ್ಯಾನ್ಸರಿನ ಸಾವುಗಳು ನಾಲ್ಕು ದಶಕಗಳ ನಂತರವೂ ಅಲ್ಲಿ ಹೆಚ್ಚಾಗಿಯೇ ಉಳಿದವು. ಪಶ್ಚಿಮ ಬಂಗಾಳ, ಬಾಂಗ್ಲಾದೇಶಗಳ ಕೊಳವೆಬಾವಿಗಳ ವ್ಯಥೆ ಎಲ್ಲರಿಗೂ ತಿಳಿದದ್ದು. ಕರ್ನಾಟಕದಲ್ಲೂ ರಾಯಚೂರು, ಯಾದಗಿರಿ ಭಾಗದ ಕೆಲವೆಡೆ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿದೆ. ಇದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ; ಕುದಿಸಿದರೆ ಹೋಗುವುದೂ ಇಲ್ಲ. ತೆರೆದ ಬಾವಿ, ಅಬ್ಬಿಯ ನೀರನ್ನು ಬಿಟ್ಟು ಆಳದ ಕೊಳವೆಬಾವಿಗೆ ತಿರುಗುವ ಪ್ರತಿ ಗ್ರಾಮವೂ ಪಂಪು ಕೂರಿಸುವ ಮೊದಲು ನೀರಿನ ಪರೀಕ್ಷೆಯನ್ನು ಹಟ ಹಿಡಿದು ಕೇಳಬೇಕು.

ಪರಿಸರ ಚಳವಳಿಗೂ ಇಲ್ಲಿ ಒಂದು ಕಿವಿಮಾತು ಇದೆ. ಎಲ್ಲ ಕ್ಯಾನ್ಸರುಗಳನ್ನೂ ಕೀಟನಾಶಕದ ತಲೆಗೆ ಕಟ್ಟುವುದು ಭಾಷಣಕ್ಕೆ ಸುಲಭ. ಕೀಟನಾಶಕಗಳ ವಿರುದ್ಧ ಹೋರಾಡಲು ಬಲವಾದ ಕಾರಣಗಳು ಬೇಕಾದಷ್ಟಿವೆ. ಆದರೆ ಮೂತ್ರಕೋಶದ ಕ್ಯಾನ್ಸರಿನ ವಿಷಯದಲ್ಲಿ ತಂಬಾಕು, ಬಣ್ಣದ ಕಾರ್ಖಾನೆಯ ರಾಸಾಯನಿಕ, ಆರ್ಸೆನಿಕ್ ಇವುಗಳ ಮೇಲಿರುವಷ್ಟು ಗಟ್ಟಿಯಾದ ಸಾಕ್ಷ್ಯ ಅವುಗಳ ಮೇಲೆ ಇಲ್ಲ. ಬೀಡಿ ಸೇದುತ್ತ ಕೀಟನಾಶಕವನ್ನು ಶಪಿಸುವವನಿಗೆ ಸತ್ಯ ಹೇಳದ ಚಳವಳಿ ಅವನಿಗೆ ದ್ರೋಹ ಬಗೆಯುತ್ತದೆ. ಹಾಗೆಯೇ ‘ರಾಸಾಯನಿಕವೆಂದರೆ ವಿಷ, ನೈಸರ್ಗಿಕವೆಂದರೆ ಅಮೃತ’ ಎಂಬ ಘೋಷಣೆಯೂ ಬಾಲ್ಕನ್ ಹೊಲದ ಮುಂದೆ ನಿಲ್ಲಲಾರದು.

ರೋಗಿಯ ಮನೆಯವರಿಗೆ ಬೇಕಾದ ತಿಳಿವಳಿಕೆ ಸರಳವಾದದ್ದು. ಮೂತ್ರದಲ್ಲಿ ಕಂಡ ಎಲ್ಲ ರಕ್ತವೂ ಕ್ಯಾನ್ಸರಿನದಲ್ಲ. ಕಲ್ಲು, ಸೋಂಕು, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತದಿಂದಲೂ ಬರುತ್ತದೆ. ಬೀಟ್‌ರೂಟ್ ತಿಂದಾಗ, ಕ್ಷಯರೋಗದ ಮಾತ್ರೆ ನುಂಗುವಾಗ ರಕ್ತವಿಲ್ಲದೆಯೇ ಬಣ್ಣ ಬದಲಾಗಬಹುದು. ಆದರೆ ಯಾವುದರಿಂದ ಎಂಬುದನ್ನು ನಿರ್ಣಯಿಸಬೇಕಾದದ್ದು ಪರೀಕ್ಷೆ. ಅಡುಗೆಮನೆಯ ಊಹೆ ಅದಕ್ಕೆ ಸಾಲದು. ಒಮ್ಮೆ ಕಂಡು ನಿಂತರೂ ವೈದ್ಯರ ಬಳಿ ಹೋಗಬೇಕು. ಮೂತ್ರ ಪರೀಕ್ಷೆ, ಅಲ್ಟ್ರಾಸೌಂಡ್, ಅಗತ್ಯವಿದ್ದರೆ ತೆಳುವಾದ ನಳಿಕೆಯಿಂದ ಮೂತ್ರಕೋಶದ ಒಳಗೆ ನೋಡುವ ಸಿಸ್ಟೊಸ್ಕೋಪಿ, ಇವೇ ಕ್ರಮ. ಹೆಂಗಸರಲ್ಲಿ ಇದನ್ನು ಮತ್ತೆ ಮತ್ತೆ ಸೋಂಕೆಂದೋ ಮುಟ್ಟಿನ ತೊಂದರೆಯೆಂದೋ ಭಾವಿಸಿ ಮಾತ್ರೆ ಕೊಡುವುದರಿಂದ ರೋಗ ತಡವಾಗಿ ತಿಳಿಯುತ್ತದೆ. ನಾಚಿಕೆಯಿಂದ ಹೇಳದೆ ಉಳಿಯುವವರೂ ಅವರಲ್ಲೇ ಹೆಚ್ಚು. ಮುಟ್ಟು ನಿಂತ ಹೆಣ್ಣುಮಗಳ ಬಟ್ಟೆಯಲ್ಲಿ ಕೆಂಪು ಕಂಡರೆ ಅದು ಎಲ್ಲಿಂದ ಬಂತೆಂದು ತಪ್ಪದೆ ನೋಡಿಸಬೇಕು.

ಬೇಗ ಕಂಡುಹಿಡಿದರೆ ಭಯಪಡಬೇಕಾಗಿಲ್ಲ. ಮೂತ್ರಕೋಶದ ಕ್ಯಾನ್ಸರುಗಳಲ್ಲಿ ಮುಕ್ಕಾಲು ಪಾಲಿನಷ್ಟು ಮೊದಲು ಪತ್ತೆಯಾಗುವಾಗ ಸ್ನಾಯುವಿನ ಆಳಕ್ಕೆ ಇಳಿದಿರುವುದಿಲ್ಲ. ಹೊಟ್ಟೆ ಕೊಯ್ಯದೆ, ಮೂತ್ರದ್ವಾರದ ಮೂಲಕವೇ ಅವುಗಳನ್ನು ಕೆರೆದು ತೆಗೆಯುತ್ತಾರೆ. ಮಕ್ಕಳಿಗೆ ಕ್ಷಯದ ವಿರುದ್ಧ ಹಾಕುವ ಬಿಸಿಜಿ ಲಸಿಕೆಯ ಅದೇ ಜೀವಾಣುವನ್ನು ಮೂತ್ರಕೋಶದೊಳಗೆ ತುಂಬಿ, ದೇಹದ ರಕ್ಷಣಾಶಕ್ತಿಯನ್ನು ಗಡ್ಡೆಯ ಮೇಲೆ ಎಬ್ಬಿಸುವ ಚಿಕಿತ್ಸೆ 1976ರಿಂದ ಬೆಳೆದುಬಂದಿದೆ. ಆದರೆ ಈ ಗಡ್ಡೆ ಮರುಕಳಿಸುವ ಸ್ವಭಾವದ್ದು. ಗುಣವಾಯಿತೆಂದು ಮರುತಪಾಸಣೆ ತಪ್ಪಿಸಿದವರು ಮೊದಲಿನ ಲಾಭವನ್ನೂ ಕಳೆದುಕೊಳ್ಳುತ್ತಾರೆ. ಮೂತ್ರಪಿಂಡದ ಗಡ್ಡೆ ಚಿಕ್ಕದಿದ್ದಾಗ ಇಡೀ ಅಂಗವನ್ನು ತೆಗೆಯದೆ ಗಡ್ಡೆಯಷ್ಟನ್ನೇ ತೆಗೆಯಲು ಸಾಧ್ಯ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಕ್ಯಾನ್ಸರ್ ಚಿಕಿತ್ಸೆ ನೀಡುತ್ತಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ.

ಚಿಕಿತ್ಸೆ ಬೆಂಗಳೂರಿನಲ್ಲಿರಬಹುದು, ಎಚ್ಚರ ಇರಬೇಕಾದದ್ದು ಹಳ್ಳಿಯಲ್ಲಿ. ಮಳೆಗಾಲದಲ್ಲಿ ಬಸ್ಸು ಬಾರದ, ಹೊಳೆ ದಾಟಲಾಗದ ಊರಿನ ರೋಗಿಗೆ ಒಂದು ಮೂತ್ರ ಪರೀಕ್ಷೆಗಾಗಿ ಒಂದಿಡೀ ದಿನದ ಕೂಲಿ, ಬಸ್ಸಿನ ಖರ್ಚು ಹೋಗುತ್ತದೆ. ಅಷ್ಟು ಕಷ್ಟಕ್ಕಿಂತ ಎಳನೀರು ಅಗ್ಗ. ಆದುದರಿಂದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂತ್ರ ಪರೀಕ್ಷೆಯ ಪಟ್ಟಿಗಳು ಸದಾ ಇರಬೇಕು, ತಾಲ್ಲೂಕು ಆಸ್ಪತ್ರೆಯ ಅಲ್ಟ್ರಾಸೌಂಡ್ ಯಂತ್ರಕ್ಕೆ ಅದನ್ನು ನೋಡಬಲ್ಲ ವೈದ್ಯರಿರಬೇಕು ಎಂಬ ಬೇಡಿಕೆ ಗ್ರಾಮಸಭೆಯ ನಡಾವಳಿಯಲ್ಲಿ ಬರವಣಿಗೆಗೆ ಬರಲಿ. ಕುಡಿಯುವ ನೀರಿನ ಪರೀಕ್ಷಾ ವರದಿಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಲಿ. ವಿದ್ಯಾರ್ಥಿಗಳು ಊರಿನ ಮದ್ದಿನ ಗಿಡಗಳ ಪಟ್ಟಿ ಮಾಡುವಾಗ ಗುಣದ ಪಕ್ಕದಲ್ಲಿ ದೋಷವನ್ನೂ ಬರೆಯಲಿ.

ಮಲೆನಾಡಿನ ರೈತನಿಗೆ ಇದೆಲ್ಲ ಹೊಸ ವಿದ್ಯೆಯೇನಲ್ಲ. ತೋಟದ ಬಸಿಗಾಲುವೆಯಲ್ಲಿ ನೀರಿನ ಬಣ್ಣ ಬದಲಾದರೆ ಮೇಲೆಲ್ಲೋ ದರೆ ಕುಸಿದಿದೆಯೆಂದು ಆತ ಗುದ್ದಲಿ ಹಿಡಿದು ಹೊರಡುತ್ತಾನೆ. ನೀರು ಮತ್ತೆ ತಿಳಿಯಾಯಿತೆಂದು ಅರ್ಧದಾರಿಯಿಂದ ಹಿಂದಿರುಗುವುದಿಲ್ಲ. ಮೈಯೊಳಗಿನ ಕಾಲುವೆಯ ಬಣ್ಣ ಬದಲಾದಾಗಲೂ ಆತ ಅದೇ ಹಾದಿಯನ್ನು ಹಿಡಿಯಲಿ.